ಒಂದೇ ಸಲ ಓಗೊಟ್ಟ ದನಿ

ಮೊದಲ ಕರೆಗೆ ಫುತಾರ್ಕೆ ಓಗೊಡುವುದನ್ನೇ ಬಿಟ್ಟಿದ್ದಾನೆ ಎಂಬುದು ಯಾಂಗ್ಜಿಯ ಗಮನಕ್ಕೆ ಬಂದದ್ದು ಮೇಲಿನ ಹುಲ್ಲುಗಾವಲಿಗೆ ಬಂದ ಮೇಲೆ. ಹೊರಗೆ ಬೆರಣಿ ಒಟ್ಟುತ್ತಾ ಅವಳು ಕೂಗಿದರೆ ಕಲ್ಲುಗುಡಿಸಲ ಒಳಗಿನಿಂದ ಸದ್ದೇ ಇಲ್ಲ. ಇನ್ನೊಮ್ಮೆ ಕೂಗಿದರೆ ತಟ್ಟನೆ "ಏನು?" ಎನ್ನುತ್ತಾನೆ, ಅಷ್ಟು ಹೊತ್ತೂ ಬಾಗಿಲ ಹಿಂದೆಯೇ ಕಿವಿಗೊಟ್ಟು ನಿಂತಿದ್ದವನಂತೆ. ಮೊದಮೊದಲು ಅವಳಿಗೆ ಸಿಟ್ಟು ಬಂತು. ಗಂಡಸರಿಗೆ ದುಃಖ ಬಂದರೆ ಮನೆಯ ಹೆಂಗಸು ಎರಡೆರಡು ಸಲ ಗಂಟಲು ಹರಿದುಕೊಳ್ಳಬೇಕೇನೋ ಎಂದು ಗೊಣಗಿದಳು. ಆಮೇಲೆ ಸಿಟ್ಟು ಇಳಿದು ಒಂಥರಾ ಅಳುಕು ಹತ್ತಿತು.

ದುಃಖ ಅವಳಿಗೇನು ಕಡಿಮೆಯಿತ್ತೇ? ಸತ್ತವನು ಫುತಾರ್ಕೆಯ ತಮ್ಮ, ಅವಳ ಕಿರಿಯ ಗಂಡ. ಅಣ್ಣ ತಮ್ಮ ಇಬ್ಬರಿಗೂ ಸೇರಿ ಅವಳೊಬ್ಬಳನ್ನು ತಂದಿದ್ದರು. ಇರುವ ಅಂಗೈಯಗಲದ ಆಲೂಗಡ್ಡೆ ಹೊಲವನ್ನೂ ನಾಲ್ಕಾರು ಯಾಕ್‌ಗಳನ್ನೂ ಪಾಲು ಮಾಡಿದರೆ ಇಬ್ಬರೂ ಉಪವಾಸ ಬೀಳುವ ಊರು ಅದು. ಹಿರಿಯವನ ಜೊತೆ ಅವಳು ಮರ್ಯಾದೆಯಿಂದ ಬಾಳಿದ್ದಳು, ಕಿರಿಯವನ ಜೊತೆ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದಳು. ಯಾರ ಮೇಲೆ ಪ್ರೀತಿ ಹೆಚ್ಚು ಎಂದು ಯಾರೂ ಅವಳನ್ನು ಕೇಳಿರಲಿಲ್ಲ. ಕೇಳಿದ್ದರೆ ಸುಳ್ಳು ಹೇಳುತ್ತಿದ್ದಳು.

ಅವನ ಹೆಸರು ಉರ್ಕೆನ್. ಈಗ ಆ ಹೆಸರನ್ನು ಯಾರೂ ಎತ್ತುವಂತಿಲ್ಲ. ಹೆಣ ಸಿಗದ್ದರಿಂದ ಊರಿನ ಲಾಮಾ ಕಾಗದದ ಮೇಲೆ ಅವನ ಹೆಸರು ಬರೆದು, ಅದನ್ನೇ ಎದುರಿಗೆ ಕೂರಿಸಿಕೊಂಡು ಗ್ರಂಥ ಓದಿ, ಮೊದಲ ವಾರದ ಕರ್ಮದ ದಿನ ದೀಪದ ಉರಿಗೆ ಹಿಡಿದಿದ್ದ. ಕಾಗದ ಸುಟ್ಟಿತೆಂದರೆ ಮುಗಿಯಿತು, ಆ ಹೆಸರು ಸತ್ತವನದು. ಬದುಕಿರುವವರು ಅದನ್ನು ಬಾಯಿಗೆ ತಂದರೆ ಹೊರಟವನು ನಡುದಾರಿಯಲ್ಲಿ ನಿಂತು ತಿರುಗಿ ನೋಡುತ್ತಾನೆ, ಮನೆ ಹುಡುಕಿಕೊಂಡು ವಾಪಸು ಬರುತ್ತಾನೆ. ಅವನ ಬಟ್ಟೆ, ಬಟ್ಟಲು, ಹಾಸಿಗೆ ಎಲ್ಲ ಮಠಕ್ಕೆ ಹೋದವು. ಯಾಂಗ್ಜಿ ಅವನ ಉಣ್ಣೆಯ ಟೊಪ್ಪಿಯೊಂದನ್ನು ಬಚ್ಚಿಡಲು ನೋಡಿದಳು, ಅತ್ತೆ ಕಿತ್ತುಕೊಂಡಳು.

ಅವನನ್ನು ತಿಂದದ್ದು ಜೋಮೊ ಕರ್ಮೊ ಎಂಬ ಬೆಟ್ಟ. ಆ ಬೆಟ್ಟದ ತುದಿಯಲ್ಲಿ ಏನಿದೆಯೆಂದು ಸಾಹೇಬರು ಏಳು ಸಮುದ್ರ ದಾಟಿ ಬರುತ್ತಾರೋ ಊರಿನವರಿಗೆ ಇಂದಿಗೂ ಬಗೆಹರಿದಿಲ್ಲ. ಮೇಲೆ ಹುಲ್ಲಿಲ್ಲ, ದಾಟಿ ಹೋಗೋಣವೆಂದರೆ ಆಚೆ ಊರೂ ಇಲ್ಲ. ಆದರೂ ಮೂರು ಸಲ ಬಂದರು. ಮೊದಲ ಸಲ ನೆರೆಮನೆಯ ಚೋತಾರೆ ಎಡಗಡೆಯ ಹಿಮದ ಕೊರಕಲಿಗೆ ಜಾರಿ ಬಿದ್ದ, ಅವನ ಹೆಣವೂ ಸಿಗಲಿಲ್ಲ. ಅವನ ಹೆಂಡತಿ ಡಿಕಿ ಆಗಿನಿಂದ ಒಂಟಿಯಾಗಿದ್ದಾಳೆ. ಎರಡನೇ ಸಲ ಗಾಳಿ ಡೇರೆಗಳನ್ನೇ ಹೊತ್ತುಕೊಂಡು ಹೋಯಿತು, ಸಾಹೇಬರು ಸುಟ್ಟ ಮೂಗು ಹೊತ್ತು ಇಳಿದರು. ಈ ಸಲ ಸಾಹೇಬರು ನಡುವಿನ ಶಿಬಿರದಲ್ಲಿ ಕೆಮ್ಮುತ್ತಾ ಮಲಗಿದ್ದಾಗ, ಮೇಲಿನ ಡೇರೆಗೆ ಹಗ್ಗ, ಹಿಟ್ಟು, ಸೀಮೆಎಣ್ಣೆ ಹೊತ್ತದ್ದು ಅಣ್ಣ ತಮ್ಮ. ಹೊತ್ತು ಇಳಿಸಿ ಹಿಂತಿರುಗುವಾಗ ತಮ್ಮನ ಕಾಲು ಜಾರಿತು. ಇಬ್ಬರನ್ನೂ ಕಟ್ಟಿದ್ದ ಹಗ್ಗ ಬಂಡೆಯ ಅಂಚಿಗೆ ತಗುಲಿ ತುಂಡಾಯಿತು.

ಇಷ್ಟನ್ನು ಫುತಾರ್ಕೆ ಊರಿಗೆ ಬಂದು ಹೇಳಿದ. ತಳದವರೆಗೆ ಬಿದ್ದದ್ದನ್ನು ಕಣ್ಣಾರೆ ಕಂಡೆ, ಉಳಿಯುವ ಮಾತೇ ಇರಲಿಲ್ಲ ಎಂದ. ಸಾಹೇಬರು ಡೇರೆ ಮಡಚಿಕೊಂಡು ನಡೆದರು. ಊರಿನವರು ಅತ್ತರು, ಅತ್ತು ಮುಗಿದ ಮೇಲೆ ಒಬ್ಬಿಬ್ಬರು ಚಾಂಗ್ ಹೆಂಡ ಕುಡಿಯುತ್ತಾ, ಹಿರಿಯವನಿಗೇನು, ಹೆಂಡತಿ ಪೂರ್ತಿ ಕೈಗೆ ಬಂದಳಲ್ಲ ಎಂದು ಪಿಸುಗುಟ್ಟಿದರು. ಆ ಮಾತು ಯಾಂಗ್ಜಿಯ ಕಿವಿಗೂ ಬಿತ್ತು. ಅಂಥವರ ನಾಲಗೆಗೆ ಹುಳ ಬೀಳಲಿ ಎಂದು ಅವಳು ಮನಸಾರೆ ಶಪಿಸಿದಳು. ಫುತಾರ್ಕೆ ತಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದ್ದು ಆ ಊರಿನಲ್ಲಿ ಯಾರಿಗೆ ಗೊತ್ತಿರಲಿಲ್ಲ?

ದಾರಿ ಮುಚ್ಚುವಷ್ಟು ಹಿಮ ಬೀಳುವ ಮುಂಚೆ ಯಾಕ್‌ಗಳನ್ನು ಇಳಿಸಬೇಕಿತ್ತು. ಹಾಗಾಗಿ ಕರ್ಮ ಮುಗಿದ ಮಾರನೆಯ ದಿನವೇ ಇಬ್ಬರೂ ಜೋಮೊ ಕರ್ಮೊದ ಬುಡದ ಹುಲ್ಲುಗಾವಲಿಗೆ ಹತ್ತಿ ಬಂದಿದ್ದರು. ಸಾಹೇಬರ ಬೀಡು ಇದ್ದದ್ದು ಅಲ್ಲಿಂದ ಸ್ವಲ್ಪ ಮೇಲೆ, ಕಲ್ಲುರಾಶಿಯ ಆಚೆ. ಫುತಾರ್ಕೆ ಆ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಊಟಕ್ಕೆ ಕೂತರೆ ಬೆಟ್ಟಕ್ಕೆ ಬೆನ್ನು ಹಾಕಿ ಕೂರುತ್ತಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ ಮಂಜು ಇಳಿಯಿತು. ಯಾಂಗ್ಜಿ ಒಲೆಯ ಮುಂದೆ ಬೇಯಿಸಿದ ಆಲೂಗಡ್ಡೆ ಸುಲಿಯುತ್ತಿದ್ದಳು, ಫುತಾರ್ಕೆ ಯಾಕ್‌ನ ಮೂಗುದಾರ ಹೊಸೆಯುತ್ತಿದ್ದ. ಹೊರಗೆ ಕಲ್ಲುಗಳ ಮೇಲೆ ಹೆಜ್ಜೆ ಕೇಳಿಸಿತು. ಒಂದು ಹೆಜ್ಜೆ, ಆಮೇಲೆ ಏನೋ ಎಳೆದ ಸದ್ದು. ಮತ್ತೊಂದು ಹೆಜ್ಜೆ, ಮತ್ತೆ ಎಳೆತ. ಯಾಕ್ ಕಾಲು ಮುರಿದುಕೊಂಡಿದೆ ಎಂದುಕೊಂಡು ಅವಳು ಎದ್ದು, ಬಾಗಿಲನ್ನು ಬೆರಳಗಲ ತೆರೆದು ನೋಡಿದಳು.

ಮಂಜಿನಲ್ಲಿ ಒಬ್ಬ ನಿಂತಿದ್ದ. ಉದ್ದನೆಯ ಆಳು, ತಲೆಯಿಂದ ಕಾಲಿನವರೆಗೆ ಬಿಳಿ. ಮುಖ ಇರಬೇಕಾದ ಕಡೆ ಸುಟ್ಟ ರೊಟ್ಟಿಯ ಹಾಗೆ ಕಪ್ಪು. ಮಂಡಿ ಮಡಚದೆ, ಸೊಂಟ ಬಗ್ಗಿಸದೆ, ನೆಟ್ಟ ಕಂಬವೊಂದು ನಡೆದು ಬಂದಂತೆ ಬಂದ.

ಫುತಾರ್ಕೆ ಹಿಂದಿನಿಂದ ಬಂದು ಬಾಗಿಲು ದೂಡಿ ಅಗುಳಿ ಹಾಕಿದ.

ಆ ಕಣಿವೆಯ ಬಾಗಿಲುಗಳೆಲ್ಲ ಎದೆಯೆತ್ತರಕ್ಕೇ ಇರುವುದು. ಚಳಿ ತಡೆಯಲು ಹಾಗೆ ಕಟ್ಟಿದ್ದಾರೆ ಎಂದು ಸಾಹೇಬರು ತಿಳಿದಿದ್ದಾರೆ, ತಿಳಿದುಕೊಳ್ಳಲಿ. ಎದ್ದು ನಡೆಯುವ ಹೆಣಕ್ಕೆ ಬಗ್ಗಲು ಬರುವುದಿಲ್ಲ. ಗಿಡ್ಡ ಬಾಗಿಲ ಮುಂದೆ ಬಂದು ನಿಲ್ಲುತ್ತದೆ, ಅಷ್ಟೆ. ಅದರ ಕೈ ತಲೆಗೆ ತಾಗಿದರೆ ತಾಗಿಸಿಕೊಂಡವರೂ ಅದರಂತೆಯೇ ಆಗುತ್ತಾರೆ. ಇದನ್ನು ಯಾಂಗ್ಜಿ ಹಾಲು ಕುಡಿಯುವ ವಯಸ್ಸಿನಿಂದ ಕೇಳಿದ್ದಳು. ಉರ್ಕೆನ್ ಬದುಕಿದ್ದಾಗ ಇದೇ ಬಾಗಿಲಿಗೆ ದಿನಾ ಹಣೆ ಚಚ್ಚಿಸಿಕೊಂಡು, ಮುತ್ತಜ್ಜ ಹೆಣಕ್ಕೆ ಹೆದರಿ ಮರಿಮಕ್ಕಳ ತಲೆ ಒಡೆದ ಎಂದು ಬೈಯುತ್ತಿದ್ದ.

ಹೆಜ್ಜೆ ಬಾಗಿಲ ಮುಂದೆ ಬಂದು ನಿಂತಿತು. ಬಾಗಿಲ ಮೇಲಿನ ತೊಲೆಗೆ ಏನೋ ಒರಗಿತು. ತಟ್ಟಲಿಲ್ಲ. ಮರದ ಮೇಲೆ ಉಗುರಿಲ್ಲದ ಬೆರಳಿನಿಂದ ಸವರಿದಂಥ ಸದ್ದು ಮಾತ್ರ ಬರುತ್ತಿತ್ತು.

"ಅವ್ನೇ," ಎಂದಳು ಯಾಂಗ್ಜಿ.

"ಅವ್ನಲ್ಲ. ಅದು ಅವನ ಮೈ ಅಷ್ಟೇ," ಎಂದ ಫುತಾರ್ಕೆ. "ಬಗ್ಗಲಿಲ್ಲ ನೋಡ್ದೆ ತಾನೆ? ಬಾಗಿಲ ಹತ್ರ ಹೋಗ್ಬೇಡ."

ಅವನು ಧೂಪದ ಸೊಪ್ಪನ್ನು ಕೆಂಡಕ್ಕೆ ಹಾಕಿದ, ಗುಡಿಸಲು ತುಂಬ ಹೊಗೆಯಾಯಿತು. ಬಾಯಲ್ಲಿ ಮಂತ್ರ ಹೇಳುತ್ತಾ, ನಡುವೆ ತಪ್ಪಿ, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದ. ಯಾಂಗ್ಜಿ ಅವನನ್ನೇ ನೋಡುತ್ತಾ ನಿಂತಳು. ಅವಳಿಗೂ ಹೆದರಿಕೆಯಿತ್ತು. ಆದರೆ ಹೆಣಕ್ಕೆ ಹೆದರಿದವರನ್ನು ಅವಳು ಈ ಮೊದಲೂ ಕಂಡಿದ್ದಳು. ಅವರು ಬಾಗಿಲ ಕಡೆ ನೋಡುತ್ತಾರೆ. ಫುತಾರ್ಕೆ ನೋಡುತ್ತಿದ್ದದ್ದು ಅವಳ ಮುಖವನ್ನು.

"ಅವನು ಸತ್ತಿದ್ದನ್ನ ನೀವು ನೋಡಿದ್ರಾ?" ಎಂದು ಅವಳು ಕೇಳಿದಳು.

ಮಂತ್ರ ನಿಂತಿತು. ಬಿದ್ದದ್ದನ್ನು ನೋಡಿದೆ ಎಂದ. ತಳದವರೆಗೂ ನೋಡಿದಿರಾ ಎಂದಳು. ಮಂಜಿತ್ತು ಎಂದ. ಊರಿನಲ್ಲಿ ಕಣ್ಣಾರೆ ಕಂಡೆ ಎಂದಿದ್ದಿರಲ್ಲ ಎಂದಳು. ಅವನು ಒಲೆಯ ಪಕ್ಕ ಕುಸಿದು ಕೂತ. ಹಗ್ಗ ಹೊಸೆಯುವ ಕೈಗಳನ್ನು ಮುಂದೆ ಚಾಚಿಕೊಂಡು, ಅವನ್ನೇ ನೋಡುತ್ತಾ ಹೇಳಿದ.

ತುಂಡಾದ ಹಗ್ಗವನ್ನು ಮೇಲಕ್ಕೆ ಎಳೆದುಕೊಂಡ ಮೇಲೆ ಅವನು ಅಂಚಿನಲ್ಲಿ ಮಲಗಿ ತಮ್ಮನ ಹೆಸರು ಹಿಡಿದು ಒಮ್ಮೆ ಕೂಗಿದ್ದ. ಕೆಳಗಿನಿಂದ ಓ ಎಂಬ ಉತ್ತರ ಬಂತು. ಅದು ನೇರ ಕೆಳಗಿನಿಂದ ಬರಲಿಲ್ಲ, ಎಡಗಡೆಯಿಂದ ಬಂತು, ಚೋತಾರೆ ಬಿದ್ದಿದ್ದ ಕೊರಕಲಿನಿಂದ. ಸತ್ತವರಿಗೆ ಒಂದೇ ಒಂದು ಓ ಉಳಿದಿರುತ್ತದೆ, ಎರಡನೆಯ ಸಲ ಕರೆದರೆ ಅವರಲ್ಲಿ ಉತ್ತರವಿಲ್ಲ ಎಂಬುದು ಬೆಟ್ಟಕ್ಕೆ ಹೋಗುವವರಿಗೆಲ್ಲ ಗೊತ್ತು. ಅವರು ಕರೆಯುವುದೂ ಒಂದೇ ಸಲ, ಆದ್ದರಿಂದ ಮೊದಲ ಕರೆಗೆ ಓಗೊಡಬಾರದು ಎನ್ನುತ್ತಾರೆ.

"ಎರಡನೇ ಸಲ ಕರೆದ್ರಾ?"

ಫುತಾರ್ಕೆ ತಲೆಯೆತ್ತಲಿಲ್ಲ.

"ಕರೀಲಿಲ್ಲ. ಕರೆದು, ಓ ಅಂದಿದ್ರೆ, ಇಳೀಬೇಕಾಗಿತ್ತು ಯಾಂಗ್ಜಿ. ಕತ್ತಲಾಗ್ತಿತ್ತು, ಇಳಿಯೋವಷ್ಟು ಹಗ್ಗ ಇರ್ಲಿಲ್ಲ. ಇಳಿದಿದ್ರೆ ನಾನೂ ಬರ್ತಿರ್ಲಿಲ್ಲ. ಅದು ಅವನದಲ್ಲ, ಚೋತಾರೆದು ಅಂತ ನಂಗೆ ನಾನೇ ಹೇಳ್ಕೊಂಡೆ. ದಾರಿ ಪೂರ್ತಿ ಹೇಳ್ಕೊಂಡು ಬಂದೆ."

ಯಾಂಗ್ಜಿಗೆ ಅವನನ್ನು ಹಿಡಿದು ಬಾರಿಸಬೇಕೆನಿಸಿತು. ಅವನ ತಲೆಯನ್ನು ಮಡಿಲಿಗೆ ಎಳೆದುಕೊಳ್ಳಬೇಕೆಂದೂ ಅನಿಸಿತು. ಎರಡನ್ನೂ ಮಾಡಲಿಲ್ಲ. ಈ ಮನುಷ್ಯ ಈಗ ಹೊರಗಿರುವುದು ಹೆಣವೇ ಆಗಿರಲಿ ಎಂದು ಬೇಡಿಕೊಳ್ಳುತ್ತಿದ್ದಾನೆ ಎಂಬುದು ಅವಳಿಗೆ ಹೊಳೆಯಿತು. ಹೆಣವಾದರೆ ಇವನ ತಪ್ಪಿಲ್ಲ. ಉಸಿರಿರುವ ತಮ್ಮನಾದರೆ, ಓ ಎಂದವನನ್ನು ಹಿಮದಲ್ಲಿ ಬಿಟ್ಟು ಬಂದು, ಹೆಸರು ಸುಟ್ಟು, ಬಟ್ಟೆ ಹಂಚಿದ ಅಣ್ಣ ಇವನು.

ಬಾಗಿಲ ಮೇಲಿನ ಸವರುವ ಸದ್ದು ನಿಧಾನವಾಗುತ್ತಾ ಬಂತು.

ಅವಳು ಬಾಗಿಲಿಗೆ ಬಾಯಿ ಹತ್ತಿರ ತಂದಳು. ಫುತಾರ್ಕೆಗೆ ಅವಳ ಮನಸ್ಸು ಅರ್ಥವಾಗಿ, ಹೆಸರು ಹೇಳಬೇಡ, ಸುಟ್ಟ ಹೆಸರು ಅದು, ಮನೆಗೆ ಮಾರಿ ಎಳೆದುಕೊಳ್ಳಬೇಡ ಎಂದು ಅಂಗಲಾಚಿದ.

"ಉರ್ಕೆನ್," ಎಂದು ಅವಳು ಕರೆದಳು.

ಆ ಹೆಸರು ಬಾಯಿಂದ ಹೊರಬಿದ್ದದ್ದೇ ಅವಳ ಕಣ್ಣು ತುಂಬಿಕೊಂಡವು. ಹೊರಗೆ ಸದ್ದು ನಿಂತಿತು. ಆಮೇಲೆ ಬಂತು ಉತ್ತರ, ನಾಲಗೆಯಿಲ್ಲದವನು ಎದೆಯಿಂದ ಎತ್ತಿ ಹಾಕಿದಂಥ ಒಂದು ಒರಟು "ಓ".

ಫುತಾರ್ಕೆ ಕಿವಿ ಮುಚ್ಚಿಕೊಂಡ. ಅವತ್ತೂ ಹೀಗೇ, ಅವತ್ತೂ ಇದೇ ದನಿ ಎಂದು ತೊದಲಿದ. ಯಾಂಗ್ಜಿ ತೊಲೆ ಹಿಡಿದುಕೊಂಡು ಎರಡನೆಯ ಸಲ ಕರೆದಳು. ಗಟ್ಟಿಯಾಗಿ, ಯಾಕ್ ಅಟ್ಟುವ ಗಂಟಲಿನಲ್ಲಿ ಕರೆದಳು. ಕರೆದು ಕಾದಳು. ಒಲೆಯ ಮೇಲಿನ ನೀರು ಕುದಿದು ಉಕ್ಕಿ ಕೆಂಡದ ಮೇಲೆ ಚುರ್ ಎಂದಿತು. ಹೊರಗಿನಿಂದ ಏನೂ ಬರಲಿಲ್ಲ.

"ಬರ್ಲಿಲ್ಲ," ಎಂದ ಫುತಾರ್ಕೆ. ಅವನ ದನಿಯಲ್ಲಿ ಅಳು ಇತ್ತು, ಅಳುವಿನ ಜೊತೆಗೇ ಉಸಿರು ಸಡಿಲಾದ ನೆಮ್ಮದಿಯೂ ಇತ್ತು. "ನೋಡ್ದ್ಯಾ? ನಾನು ಹೇಳ್ಲಿಲ್ವಾ?"

ಆ ನೆಮ್ಮದಿಯನ್ನು ಕೇಳಿಯೇ ಯಾಂಗ್ಜಿಗೆ ರೇಗಿತು. ಅವಳು ಅಗುಳಿಗೆ ಕೈ ಹಾಕಿದಳು.

"ಸತ್ತಿದಾನೆ ಯಾಂಗ್ಜಿ ಅವನು."

"ಸತ್ತಿದ್ರೆ ಸತ್ತಿರ್ಲಿ. ಚಳೀಲಿ ನಮ್ಮ ಬಾಗಿಲಿಗೆ ಬಂದು ನಿಂತಿದಾನೆ. ಬದುಕಿದಾನೋ ಇಲ್ವೋ ಅಂತ ಒಳಗೆ ಕೂರಿಸ್ಕೊಂಡು ಕೇಳ್ತೀನಿ."

ಅಗುಳಿ ಎಳೆದು ಬಾಗಿಲು ತೆರೆದಳು. ಕಣ್ಣಿಗೆ ಬಿದ್ದದ್ದು ಎದೆಯವರೆಗಿನ ಮೈ ಮಾತ್ರ, ತಲೆ ತೊಲೆಯ ಮೇಲಕ್ಕಿತ್ತು. ಹಿಮ ಗಟ್ಟಿಕಟ್ಟಿದ ಕೋಟು, ಅಲುಗಾಡದ ಕೈಗಳು. ಅವಳು ತಲೆ ತಗ್ಗಿಸಿ, ಆ ಕೈಗಳ ಕೆಳಗೇ ನುಸುಳಿ ಹೊರಗೆ ಬಂದಳು. ಕೈ ಅವಳ ನೆತ್ತಿಗೆ ತಾಗಿತು, ಕಲ್ಲಿನಷ್ಟು ತಣ್ಣಗಿತ್ತು. ಅವಳು ಕಣ್ಣು ಮುಚ್ಚಿಕೊಂಡಳು. ಏನೂ ಆಗಲಿಲ್ಲ. ಮುಖ ಎತ್ತಿ, ಆ ಕಪ್ಪು ಮುಖದ ಬಾಯಿಯ ಮುಂದೆ ಅಂಗೈ ಹಿಡಿದಳು. ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಅಂಗೈ ಸ್ವಲ್ಪ ಬೆಚ್ಚಗಾಯಿತು.

ಅವಳು ಕೂಗಿದ ಕೂಗಿಗೆ ಫುತಾರ್ಕೆ ಮೊದಲ ಸಲಕ್ಕೇ ಎದ್ದು ಬಂದ.

ಮಂಡಿ ಮಡಚದ ಆ ದೇಹವನ್ನು ಗಿಡ್ಡ ಬಾಗಿಲಲ್ಲಿ ಒಳಗೆ ತರುವುದು ಸುಲಭವಿರಲಿಲ್ಲ. ಅಂಗಳದಲ್ಲಿ ಮಲಗಿಸಿ, ಅವಳು ಕಾಲು ಹಿಡಿದು, ಫುತಾರ್ಕೆ ತಮ್ಮನ ತಲೆಯನ್ನು ತನ್ನ ಎದೆಗೆ ಆನಿಸಿಕೊಂಡು ಎಳೆದುಕೊಂಡರು. ಒಲೆಯಿಂದ ಸ್ವಲ್ಪ ದೂರದಲ್ಲೇ ಮಲಗಿಸಿದರು. ಹೆಪ್ಪುಗಟ್ಟಿದ ಮೈಯನ್ನು ಒಮ್ಮೆಗೇ ಬೆಂಕಿಗೆ ಒಡ್ಡಬಾರದು. ಅವಳು ಬೆಣ್ಣೆ ಚಹಾವನ್ನು ಹನಿಹನಿಯಾಗಿ ತುಟಿಗೆ ಬಿಟ್ಟಳು. ಫುತಾರ್ಕೆ ಅಂಗಿ ಬಿಚ್ಚಿ ತಮ್ಮನ ಪಾದಗಳನ್ನು ತನ್ನ ಬರಿಹೊಟ್ಟೆಗೆ ಒತ್ತಿಕೊಂಡು ಕೂತ. ಬೆಳಗಾಗುವವರೆಗೂ ಅಲುಗಲಿಲ್ಲ.

ಉರ್ಕೆನ್‌ಗೆ ಮಾತು ಬಂದದ್ದು ಮಾರನೆಯ ದಿನ ಬಿಸಿಲೇರಿದ ಮೇಲೆ. ಒಂದೊಂದೇ ಪದವಾಗಿ ಹೇಳಿದ. ಬಿದ್ದದ್ದು ತಳಕ್ಕಲ್ಲ, ಹಿಮ ತುಂಬಿದ ಒಂದು ಬಂಡೆಯ ಚಾಚಿಗೆ. ಎಚ್ಚರವಾದ ಮೇಲೆ ತೆವಳಿಕೊಂಡು ಮೇಲಿನ ಡೇರೆ ಸೇರಿದ್ದ. ಗಾಳಿ ನಿಲ್ಲುವವರೆಗೆ ತಾವೇ ಹೊತ್ತು ತಂದಿದ್ದ ಹಿಟ್ಟು ನೆಕ್ಕಿಕೊಂಡು, ಸೀಮೆಎಣ್ಣೆ ಮುಗಿಯುವವರೆಗೆ ಹಿಮ ಕರಗಿಸಿ ಕುಡಿದುಕೊಂಡು ಇದ್ದ. ಕೆಳಗೆ ಬಂದು ನೋಡಿದರೆ ಸಾಹೇಬರ ಬೀಡಿನಲ್ಲಿ ಖಾಲಿ ಡಬ್ಬಗಳು ಬಿಟ್ಟರೆ ಯಾರೂ ಇರಲಿಲ್ಲ.

"ಡಬ್ಬ ಒಂದೂ ಬಿಡದೆ ಬಗ್ಗಿ ನೋಡ್ದೆ," ಎಂದ. "ಆಮೇಲೆ ಬಗ್ಗೋಕಾಗ್ಲಿಲ್ಲ."

ಯಾಂಗ್ಜಿ ನಕ್ಕಳು, ನಗುತ್ತಾ ಅತ್ತಳು. ಫುತಾರ್ಕೆ ನಗಲಿಲ್ಲ. ತಮ್ಮನ ಪಾದಗಳ ಮೇಲೆ ಹಣೆಯಿಟ್ಟು, ಎಲ್ಲವನ್ನೂ ಹೇಳಿಬಿಟ್ಟ. ನೀನು ಓ ಎಂದದ್ದು ಕೇಳಿಸಿತು, ಕೇಳಿಸಿಯೂ ಬಿಟ್ಟು ಬಂದೆ, ನೀನಲ್ಲ ಎಂದು ನನ್ನನ್ನೇ ನಂಬಿಸಿಕೊಂಡು ಬಂದೆ ಎಂದು ಬಿಕ್ಕಿದ.

ಉರ್ಕೆನ್ ಸೂರಿನ ಕಡೆ ಕಣ್ಣು ತಿರುಗಿಸಿದ.

"ನಾನೆಲ್ಲಿ ಓ ಅಂದೆ ಅಣ್ಣ? ನೀನು ಕರೆದಿದ್ದೇ ಗೊತ್ತಿಲ್ಲ ನಂಗೆ. ಎಚ್ಚರ ಆಗಿದ್ದೇ ಬೆಳಿಗ್ಗೆ."

ಫುತಾರ್ಕೆಯ ಬಿಕ್ಕು ನಿಂತಿತು. ಯಾಂಗ್ಜಿ ಉರ್ಕೆನ್‌ನ ಮುಖ ನೋಡಿದಳು. ಅವನು ಸುಳ್ಳು ಹೇಳಿದರೆ ತುಟಿಯ ಅಂಚು ಕುಣಿಯುತ್ತಿತ್ತು, ಅವಳು ಹಿಡಿದುಬಿಡುತ್ತಿದ್ದಳು. ಈಗ ಆ ತುಟಿಗಳು ಬಾತು, ಬಿರಿದು, ಕಪ್ಪಾಗಿದ್ದವು. ಅಣ್ಣನ ಜೀವಕ್ಕೆ ತಂಪಾಗಲಿ ಎಂದು ಹೇಳಿದನೋ, ಇದ್ದದ್ದನ್ನೇ ಹೇಳಿದನೋ ಆ ಮುಖದಿಂದ ತಿಳಿಯುವಂತಿರಲಿಲ್ಲ. ಸುಳ್ಳಾಗಿದ್ದರೆ, ಬದುಕಿ ಓಗೊಟ್ಟ ತಮ್ಮನನ್ನು ಅಣ್ಣ ಬಿಟ್ಟು ಬಂದಿದ್ದ. ನಿಜವಾಗಿದ್ದರೆ, ಆ ಕೊರಕಲಿನಿಂದ ಓ ಎಂದವನು ಬೇರೆ ಯಾರೋ. ಎರಡರಲ್ಲಿ ಯಾವುದು ಆಗಲಿ ಎಂದು ಹಾರೈಸಬೇಕೋ ಅವಳಿಗೆ ತೋಚಲಿಲ್ಲ. ಫುತಾರ್ಕೆ ಮತ್ತೆ ಕೇಳಲಿಲ್ಲ.

ಹಿಮ ಬಿಡುವು ಕೊಟ್ಟ ದಿನ ಫುತಾರ್ಕೆ ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ಇಳಿದ. ಯಾಂಗ್ಜಿ ಯಾಕ್‌ಗಳನ್ನು ಅಟ್ಟಿಕೊಂಡು ಹಿಂದೆ ಬಂದಳು. ಊರು ಕಣ್ಣಿಗೆ ಬಿದ್ದ ಹೊತ್ತಿಗೆ ಊರಿಗೂ ಅವರು ಕಂಡಿದ್ದರು. ಮಕ್ಕಳನ್ನು ಒಳಗೆ ಎಳೆದುಕೊಂಡು ಬಾಗಿಲುಗಳು ಪಟಪಟ ಮುಚ್ಚಿದವು. ಹಿರಿಯವನ ಬಗ್ಗೆ ಪಿಸುಗುಟ್ಟಿದ್ದ ಗಂಡಸರಲ್ಲಿ ಒಬ್ಬನಾದರೂ ಹೊರಗಿರಲಿಲ್ಲ. ಉರ್ಕೆನ್ ಬೆನ್ನ ಮೇಲಿನಿಂದಲೇ, ಹೆಣಕ್ಕೆ ಹಸಿವಾಗಿದೆ, ಯಾರ ಮನೇಲಿ ಆಲೂಗಡ್ಡೆ ಬೆಂದಿದೆ ಎಂದು ಒಡಕು ದನಿಯಲ್ಲಿ ಕೇಳಿದ. ಒಂದು ಮನೆಯ ಒಳಗಿನಿಂದ ಯಾರೋ ನಕ್ಕು, ತಕ್ಷಣ ಬಾಯಿ ಮುಚ್ಚಿಕೊಂಡರು.

ಬಾಗಿಲು ತೆರೆದು ಹೊರಗೆ ನಿಂತದ್ದು ಡಿಕಿ ಒಬ್ಬಳೇ, ಚೋತಾರೆಯ ಹೆಂಡತಿ. ಅವಳು ದಾರಿಗೆ ಬಂದು ಫುತಾರ್ಕೆಯನ್ನು ತಡೆದಳು. ಬೆನ್ನ ಮೇಲಿದ್ದ ಉರ್ಕೆನ್‌ನ ಕೆನ್ನೆ ಮುಟ್ಟಿ ನೋಡಿದಳು, ಸುತ್ತ ಬಟ್ಟೆ ಸುತ್ತಿದ್ದ ಕೈ ಮುಟ್ಟಿ ನೋಡಿದಳು. ಬೆಚ್ಚಗಿದೆ ಎಂದು ತನಗೇ ಹೇಳಿಕೊಂಡಳು.

"ಇವ್ನ ಹೆಸರೂ ಸುಟ್ಟಿದ್ರು, ಅಲ್ವಾ?" ಎಂದಳು.

ಅವನ ಕೈ ಬಿಡದೆಯೇ ಮತ್ತೆ ಹೇಳಿದಳು.

"ನಮ್ಮನೆಯೋರ ಹೆಸರು ನಾವು ಎಷ್ಟು ಬೇಗ ಸುಟ್ಬಿಟ್ವಿ. ಯಾರೂ ಹೋಗಿ ನೋಡ್ಲಿಲ್ಲ ಆವಾಗ. ನೀನು ಅಷ್ಟು ಮೇಲೆ ಹೋಗಿದ್ಯಲ್ಲ ಫುತಾರ್ಕೆ, ಆ ಕೊರಕಲ ಹತ್ರ ಏನಾದ್ರೂ ಕೇಳಿಸ್ತೇನಪ್ಪಾ ನಿಂಗೆ?"

ಫುತಾರ್ಕೆ ಭಾರಕ್ಕೆ ಬಾಗಿ ನಿಂತಿದ್ದ, ಅವನ ಮುಖ ಯಾಂಗ್ಜಿಗೆ ಕಾಣುತ್ತಿರಲಿಲ್ಲ. ಕುತ್ತಿಗೆಯ ನರ ಮಾತ್ರ ಉಬ್ಬಿ ಕಾಣುತ್ತಿತ್ತು. ಬೆನ್ನ ಮೇಲಿನ ಉರ್ಕೆನ್ ಅಣ್ಣನ ಹೆಗಲಿಗೆ ಕೆನ್ನೆಯಿಟ್ಟು ಕಣ್ಣು ಮುಚ್ಚಿಕೊಂಡ.

"ಇಲ್ಲಕ್ಕಾ," ಎಂದ ಫುತಾರ್ಕೆ. "ಗಾಳಿ ಅಷ್ಟೇ."

ಡಿಕಿ ಅವನನ್ನೇ ನೋಡಿದಳು. ಆಮೇಲೆ ಆಯಿತು ಎಂಬಂತೆ ತಲೆಯಾಡಿಸಿ ದಾರಿ ಬಿಟ್ಟಳು. ಅವರು ಮನೆಯ ಕಡೆ ನಡೆದರು. ಯಾಂಗ್ಜಿ ತಿರುಗಿ ನೋಡಿದಾಗ ಡಿಕಿ ಇನ್ನೂ ದಾರಿಯ ಬದಿಯಲ್ಲೇ ನಿಂತು ಜೋಮೊ ಕರ್ಮೊ ಕಡೆ ನೋಡುತ್ತಿದ್ದಳು. ಆ ಚಳಿಗಾಲದಿಂದ ಅವಳು ಬಾಗಿಲಿಗೆ ಅಗುಳಿ ಹಾಕುವುದನ್ನು ಬಿಟ್ಟಳು.